ಅಮ್ಮನಿಗೆ 26 ವಾರ, ಅಪ್ಪನಿಗೆ ಒಂದು ದಿನವೂ ಇಲ್ಲ: ಗಡಿಯೂರಿನ ಹೆರಿಗೆ ರಜೆಯ ಲೆಕ್ಕಾಚಾರ

ಹೊಸೂರು: ಬೆಳಕು ಹರಿಯುವ ಮುನ್ನವೇ ಬಾಗಲೂರು, ಬೇರಿಗೆ, ತಳಿ ರಸ್ತೆಗಳಲ್ಲಿ ಕಂಪನಿ ಬಸ್ಸುಗಳ ಓಡಾಟ ಶುರುವಾಗುತ್ತದೆ. ಕೆಲವು ಬಸ್ಸುಗಳು ಹೊಸೂರಿನ ಸಿಪ್ಕಾಟ್ ಕಡೆಗೆ ತಿರುಗಿದರೆ, ಉಳಿದವು ಜೂಜುವಾಡಿ ದಾಟಿ ಅತ್ತಿಬೆಲೆ, ಬೊಮ್ಮಸಂದ್ರ, ಜಿಗಣಿಯತ್ತ ಹೋಗುತ್ತವೆ. ಒಂದೇ ಮನೆಯ ಗಂಡ ಕರ್ನಾಟಕದ ಕಾರ್ಖಾನೆಗೆ, ಹೆಂಡತಿ ತಮಿಳುನಾಡಿನ ಕಾರ್ಖಾನೆಗೆ ಹೋಗುವುದು ಇಲ್ಲಿ ಹೊಸ ಸಂಗತಿಯೇನಲ್ಲ. ಆ ಮನೆಯಲ್ಲಿ ತೊಟ್ಟಿಲು ಕಟ್ಟುವ ಕಾಲ ಬಂದಾಗ ಮಾತ್ರ ಲೆಕ್ಕ ಬೇರೆಯಾಗುತ್ತದೆ. ಹೆಂಡತಿಗೆ ಸಂಬಳ ಸಹಿತ 26 ವಾರ ರಜೆ. ಖಾಸಗಿ ಕಾರ್ಖಾನೆಯ ಗಂಡನಿಗೆ ಕಾನೂನಿನಲ್ಲಿ ಒಂದು ದಿನವೂ ಇಲ್ಲ.

ಇದು ಗಂಡಸರಿಗೆ ಆಗಿರುವ ಅನ್ಯಾಯ ಎಂದು ಮೇಲ್ನೋಟಕ್ಕೆ ಅನ್ನಿಸಬಹುದು. ಆದರೆ ಇದರ ಪೆಟ್ಟು ಹೆಚ್ಚಾಗಿ ಬೀಳುತ್ತಿರುವುದು ಹೆಂಗಸರ ಕೆಲಸದ ಮೇಲೆ. ಮಗು ಹುಟ್ಟಿದರೆ ಹೆಣ್ಣಾಳು ಮಾತ್ರ ಆರು ತಿಂಗಳು ಹೋಗುತ್ತಾಳೆ, ಗಂಡಾಳು ಮರುದಿನವೇ ಪಾಳಿಗೆ ಬರುತ್ತಾನೆ ಎಂದಾದರೆ ಮಾಲೀಕ ಯಾರನ್ನು ಸೇರಿಸಿಕೊಳ್ಳುತ್ತಾನೆ? ಕೆಲಸ ಕೇಳಲು ಹೋದ ಹುಡುಗಿಗೆ 'ಮದುವೆ ಯಾವಾಗ' ಎಂಬ ಪ್ರಶ್ನೆ ಎದುರಾಗುವುದು, ಜೊತೆಗೆ ಹೋದ ಹುಡುಗನಿಗೆ ಆ ಪ್ರಶ್ನೆ ಬಾರದಿರುವುದು ಈ ಕಾರಣಕ್ಕೇ. ತಾಯಂದಿರ ರಜೆ ಸುಧಾರಿಸಬೇಕೆಂದರೆ ತಂದೆಯ ರಜೆಯ ಮಾತನ್ನೂ, ಆ ರಜೆಗೆ ದುಡ್ಡು ಕೊಡುವವರು ಯಾರು ಎಂಬ ಮಾತನ್ನೂ ಒಟ್ಟಿಗೇ ಆಡಬೇಕಾಗುತ್ತದೆ.

ಕಾನೂನಿನಲ್ಲಿ ಏನಿದೆ?

ಹೆರಿಗೆ ಸೌಲಭ್ಯ ಕಾಯ್ದೆ ಬಂದದ್ದು 1961ರಲ್ಲಿ. ಆಗ ಇದ್ದದ್ದು 12 ವಾರಗಳ ರಜೆ. 2017ರ ತಿದ್ದುಪಡಿ ಅದನ್ನು 26 ವಾರಕ್ಕೆ ಏರಿಸಿತು. ಮೊದಲ ಎರಡು ಮಕ್ಕಳಿಗೆ 26 ವಾರ, ಬದುಕಿರುವ ಇಬ್ಬರು ಮಕ್ಕಳಿದ್ದು ಮತ್ತೆ ಹೆರಿಗೆಯಾದರೆ 12 ವಾರ. ಹೆರಿಗೆಗೆ ಮೊದಲು ಹೆಚ್ಚೆಂದರೆ ಎಂಟು ವಾರ ರಜೆ ಹಾಕಬಹುದು. ಹೆರಿಗೆಗೆ ಹಿಂದಿನ 12 ತಿಂಗಳಲ್ಲಿ ಕನಿಷ್ಠ 80 ದಿನ ಅಲ್ಲಿ ಕೆಲಸ ಮಾಡಿರಬೇಕು. ಗರ್ಭಪಾತವಾದರೆ ಆರು ವಾರಗಳ ರಜೆ ಉಂಟು. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಾಗ ಹಳೆಯ ಕಾಯ್ದೆ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿಹೋಯಿತು. 26 ವಾರದ ರಜೆ ಹಾಗೆಯೇ ಉಳಿಯಿತು. ತಂದೆಯ ರಜೆಗೆ ಆ ಸಂಹಿತೆಯಲ್ಲೂ ಜಾಗ ಸಿಗಲಿಲ್ಲ.

ಸರ್ಕಾರಿ ನೌಕರಿಯ ಕಥೆ ಬೇರೆ. ಕೇಂದ್ರ ಸರ್ಕಾರದ ಪುರುಷ ನೌಕರರಿಗೆ 1997ರಿಂದಲೇ 15 ದಿನಗಳ ಪಿತೃತ್ವ ರಜೆ ಇದೆ. ತಮಿಳುನಾಡು ಸರ್ಕಾರ ತನ್ನ ಮಹಿಳಾ ನೌಕರರ ಹೆರಿಗೆ ರಜೆಯನ್ನು 2021ರಲ್ಲಿ ಒಂಬತ್ತು ತಿಂಗಳಿಂದ 12 ತಿಂಗಳಿಗೆ ಏರಿಸಿತು. ಸಿಕ್ಕಿಂ ಸರ್ಕಾರ 2023ರಲ್ಲಿ ತಾಯಿಗೆ 12 ತಿಂಗಳು, ತಂದೆಗೆ ಒಂದು ತಿಂಗಳು ಎಂದು ಘೋಷಿಸಿತು. ಹೀಗಾಗಿ ಒಂದೇ ಬೀದಿಯಲ್ಲಿ ಸರ್ಕಾರಿ ಶಾಲೆಯ ಟೀಚರಮ್ಮನಿಗೆ ಒಂದು ವರ್ಷ, ಸಿಪ್ಕಾಟ್ ಹುಡುಗಿಗೆ ಆರು ತಿಂಗಳು, ಹೂವಿನ ತೋಟದ ಕೂಲಿ ಹೆಂಗಸಿಗೆ ಸೊನ್ನೆ ಎಂಬ ಸ್ಥಿತಿ.

ಕಾನೂನಿನಲ್ಲಿ ಇದ್ದದ್ದೂ ಸುಲಭವಾಗಿ ಕೈಗೆ ಬರುವುದಿಲ್ಲ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಕೃಷ್ಣಗಿರಿ 2004ರವರೆಗೆ ಧರ್ಮಪುರಿ ಜಿಲ್ಲೆಯ ಭಾಗವಾಗಿತ್ತು. ಅದೇ ಧರ್ಮಪುರಿ ಜಿಲ್ಲೆಯ ಸರ್ಕಾರಿ ಶಾಲಾ ಶಿಕ್ಷಕಿಯೊಬ್ಬರಿಗೆ ಮೊದಲ ಮದುವೆಯಿಂದ ಇಬ್ಬರು ಮಕ್ಕಳಿದ್ದಾರೆ ಎಂಬ ಕಾರಣಕ್ಕೆ, ಎರಡನೆಯ ಮದುವೆಯ ನಂತರ ಹುಟ್ಟಿದ ಮಗುವಿಗೆ ಹೆರಿಗೆ ರಜೆ ನಿರಾಕರಿಸಲಾಯಿತು. ಮೊಕದ್ದಮೆ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 2025ರ ಮೇ 23ರಂದು ಬಂದ ತೀರ್ಪು ಶಿಕ್ಷಕಿಯ ಪರವಾಗಿತ್ತು. ಹೆರಿಗೆ ರಜೆ ಹೆಣ್ಣಿನ ಸಂತಾನ ಹಕ್ಕಿನ ಭಾಗ ಎಂದು ನ್ಯಾಯಾಲಯ ಹೇಳಿತು. ಓದು ಬರಹ ಬಲ್ಲ, ಕಾಯಂ ನೌಕರಿಯ ಶಿಕ್ಷಕಿಯೇ ದೆಹಲಿಯವರೆಗೆ ಹೋಗಬೇಕಾಯಿತು ಎಂದರೆ, ಗುತ್ತಿಗೆ ಕಾರ್ಮಿಕಳ ಪಾಡೇನು?

ರಜೆಯ ಸಂಬಳ ಯಾರ ಜೇಬಿನಿಂದ?

ಇಡೀ ಸಮಸ್ಯೆಯ ಗಂಟು ಇಲ್ಲಿದೆ. ಇಎಸ್‌ಐ ವ್ಯಾಪ್ತಿಯಲ್ಲಿರುವ ಹೆಂಗಸಿಗೆ ರಜೆಯ ಸಂಬಳ ಕೊಡುವುದು ಕಂಪನಿಯಲ್ಲ, ಇಎಸ್‌ಐ ನಿಧಿ. 2017ರ ಜನವರಿಯಲ್ಲಿ ಇದರ ಸಂಬಳದ ಮಿತಿಯನ್ನು ತಿಂಗಳಿಗೆ 21,000 ರೂಪಾಯಿಗೆ ಏರಿಸಲಾಯಿತು. 2019ರ ಜುಲೈಯಿಂದ ಕಾರ್ಮಿಕರ ಕಂತು ಸಂಬಳದ ಶೇ. 0.75, ಮಾಲೀಕರದು ಶೇ. 3.25. ಗಂಡಸು, ಹೆಂಗಸು, ಮದುವೆಯಾದವರು, ಆಗದವರು ಎಲ್ಲರ ಕಂತೂ ಒಂದೇ ಹುಂಡಿಗೆ ಬೀಳುತ್ತದೆ.

ತಿಂಗಳಿಗೆ 14,000 ರೂಪಾಯಿ ದುಡಿಯುವ ಹೆಂಗಸಿನ ಲೆಕ್ಕ ನೋಡಿ. ಅವಳ ಕಂತು 105 ರೂಪಾಯಿ, ಮಾಲೀಕರದು 455 ರೂಪಾಯಿ. ಹೆರಿಗೆಯಾದಾಗ ಆರು ತಿಂಗಳಿಗೆ ಸುಮಾರು 84,000 ರೂಪಾಯಿ ನಿಧಿಯಿಂದ ಅವಳ ಬ್ಯಾಂಕ್ ಖಾತೆಗೆ ಬರುತ್ತದೆ. ಮಾಲೀಕರಿಗೆ ಇದರಿಂದ ಹೆಚ್ಚುವರಿ ಹೊರೆಯಿಲ್ಲ. ಇನ್ನು 24,000 ರೂಪಾಯಿ ಸಂಬಳದ ಮೇಲ್ವಿಚಾರಕಿಯ ಲೆಕ್ಕ. ಆಕೆ ಇಎಸ್‌ಐ ಮಿತಿಯಿಂದ ಹೊರಗೆ. ಆಕೆಯ ಆರು ತಿಂಗಳ ಸುಮಾರು 1,44,000 ರೂಪಾಯಿಯನ್ನು ಕಂಪನಿ ಒಂದೇ ತನ್ನ ಜೇಬಿನಿಂದ ಕೊಡಬೇಕು. ಬದಲಿ ಆಳನ್ನು ಇಟ್ಟುಕೊಂಡರೆ ಅದಕ್ಕೂ ಸಂಬಳ. ದೊಡ್ಡ ಕಂಪನಿಗೆ ಇದು ಲೆಕ್ಕಕ್ಕಿಲ್ಲ. ಇಪ್ಪತ್ತು ಜನರಿರುವ ಬಿಡಿಭಾಗ ತಯಾರಿಕೆಯ ಶೆಡ್ಡಿಗೆ ದೊಡ್ಡ ಮೊತ್ತ. ಅಂಥ ಕಡೆ ಹೆಣ್ಣಾಳಿಗೆ ಬಡ್ತಿ ಕೊಡುವುದೇ ತಪ್ಪುವ ಸಂಭವವಿದೆ.

ಈ ಪ್ರಶ್ನೆ ಇಂದಿನದಲ್ಲ. 1928ರಲ್ಲಿ ಮುಂಬೈ ಶಾಸನ ಪರಿಷತ್ತಿನಲ್ಲಿ ಹೆರಿಗೆ ಸೌಲಭ್ಯ ಮಸೂದೆ ಚರ್ಚೆಗೆ ಬಂದಾಗ ಡಾ. ಬಿ.ಆರ್. ಅಂಬೇಡ್ಕರ್ ಅದನ್ನು ಬೆಂಬಲಿಸಿ ಮಾತನಾಡಿದ್ದರು. ತಾಯಿಗೆ ಹೆರಿಗೆಯ ಮೊದಲೂ ನಂತರವೂ ವಿಶ್ರಾಂತಿ ಸಿಗುವುದು ದೇಶದ ಹಿತಕ್ಕೆ ಒಳ್ಳೆಯದು, ಹಾಗಾಗಿ ಅದರ ಹೊರೆಯ ದೊಡ್ಡ ಪಾಲನ್ನು ಸರ್ಕಾರವೇ ಹೊರಬೇಕು ಎಂಬುದು ಅವರ ವಾದವಾಗಿತ್ತು. ಮರುವರ್ಷ, 1929ರಲ್ಲಿ, ಆಗಿನ ಮುಂಬೈ ಪ್ರಾಂತದಲ್ಲಿ ಕಾಯ್ದೆ ಬಂತು. ಅಂದು ಅದೇ ಪ್ರಾಂತದಲ್ಲಿದ್ದ ಸೊಲ್ಲಾಪುರದ ಗಿರಣಿ ಕಾರ್ಮಿಕ ಹೆಂಗಸರಿಗೂ ಇದು ಸಂಬಂಧಿಸಿದ ಮಾತಾಗಿತ್ತು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2000ದ ಒಡಂಬಡಿಕೆ ಕೂಡ ಹೆರಿಗೆ ರಜೆಯ ಖರ್ಚನ್ನು ಒಬ್ಬ ಮಾಲೀಕನ ತಲೆಗೇ ಕಟ್ಟಬಾರದು, ವಿಮೆ ಅಥವಾ ಸಾರ್ವಜನಿಕ ನಿಧಿಯಿಂದ ಕೊಡಬೇಕು ಎನ್ನುತ್ತದೆ. ಭಾರತ ಅದಕ್ಕೆ ಸಹಿ ಹಾಕಿಲ್ಲ. ಮಾಲೀಕರಿಗೆ ಏಳು ವಾರಗಳ ಸಂಬಳ ಮರಳಿಸುವ ಪ್ರಸ್ತಾಪವನ್ನು ಕೇಂದ್ರ ಕಾರ್ಮಿಕ ಸಚಿವಾಲಯ 2018ರಲ್ಲಿ ಮುಂದಿಟ್ಟಿತ್ತು. ದಾರಿ ಗೊತ್ತಿಲ್ಲ ಎಂದೇನಿಲ್ಲ, ನಡೆಯುವವರು ಬೇಕು.

ಗುತ್ತಿಗೆಯ ಗೋಳು

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಗುತ್ತಿಗೆ ಕಾರ್ಮಿಕರ ವಿಷಯದಲ್ಲಿ ಸರಿಯಾಗಿ ಹೊಂದುತ್ತದೆ. ಇಎಸ್‌ಐ ಹೆರಿಗೆ ಭತ್ಯೆ ಸಿಗಬೇಕಾದರೆ ಹಿಂದಿನ ಎರಡು ಕಂತು ಅವಧಿಗಳಲ್ಲಿ ಒಟ್ಟು 70 ದಿನಗಳ ಕಂತು ಕಟ್ಟಿರಬೇಕು. ಏಪ್ರಿಲ್‌ನಿಂದ ಸೆಪ್ಟೆಂಬರ್ ಒಂದು ಅವಧಿ, ಅಕ್ಟೋಬರ್‌ನಿಂದ ಮಾರ್ಚ್ ಇನ್ನೊಂದು. ಕಂತು ಲೆಕ್ಕವಾಗುವುದು ಕಾರ್ಮಿಕರ ವಿಮಾ ಸಂಖ್ಯೆಯ ಮೇಲೆ. ಕಂಪನಿ ಬದಲಾದರೂ, ರಾಜ್ಯ ಬದಲಾದರೂ ಆ ಸಂಖ್ಯೆ ಬದಲಾಗಬೇಕಿಲ್ಲ. ಆದರೆ ಗುತ್ತಿಗೆದಾರ ಬದಲಾದಾಗಲೆಲ್ಲ ಹೊಸ ಸಂಖ್ಯೆ ಮಾಡಿಸಿದರೆ ಹಳೆಯ ಕಂತು ಹಳೆಯ ಸಂಖ್ಯೆಯಲ್ಲೇ ಉಳಿದು, ಹೊಸದರಲ್ಲಿ 70 ದಿನ ತುಂಬದೆ ಹೋಗಬಹುದು. ಅತ್ತಿಬೆಲೆಯಲ್ಲಿ ನಾಲ್ಕು ತಿಂಗಳು, ಹೊಸೂರಿನಲ್ಲಿ ಮೂರು ತಿಂಗಳು ದುಡಿದವಳಿಗೆ ಹೀಗೆ ಎರಡೂ ಕಡೆ ನಷ್ಟ. ಹೊಸ ಕೆಲಸಕ್ಕೆ ಸೇರುವಾಗ ಹಳೆಯ ಇಎಸ್‌ಐ ಸಂಖ್ಯೆಯನ್ನೇ ಕೊಟ್ಟು, ಅದರಲ್ಲೇ ಮುಂದುವರಿಸಿ ಎಂದು ಕೇಳುವುದು ಚಿಕ್ಕ ಕೆಲಸ. ಅದರ ಬೆಲೆ ಮಾತ್ರ ಹತ್ತಾರು ಸಾವಿರ.

'ನೀನು ಕಂಪನಿಯವಳಲ್ಲ, ಕಂಟ್ರಾಕ್ಟರ್ ಕಡೆಯವಳು' ಎಂಬ ಮಾತಿಗೂ ಕಾನೂನಿನ ಬಲವಿಲ್ಲ. ಇಎಸ್‌ಐ ಕಂತು ಕಟ್ಟುವ ಮೊದಲ ಹೊಣೆ ಕಾರ್ಖಾನೆಯ ಮುಖ್ಯ ಮಾಲೀಕರದ್ದೇ. ದಿನಗೂಲಿಯ ಹೆಂಗಸರಿಗೂ ಹೆರಿಗೆ ಸೌಲಭ್ಯ ಸಲ್ಲಬೇಕು ಎಂದು ದೆಹಲಿ ನಗರಪಾಲಿಕೆಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ. ಗುತ್ತಿಗೆಯ ಅವಧಿ ಮುಗಿದರೂ ಹೆರಿಗೆ ಸೌಲಭ್ಯ ನಿಲ್ಲಿಸುವಂತಿಲ್ಲ ಎಂದು ಅದೇ ನ್ಯಾಯಾಲಯ 2023ರಲ್ಲಿ ತೀರ್ಪು ಕೊಟ್ಟಿದೆ. ಹೆರಿಗೆ ರಜೆಯಲ್ಲಿರುವಾಗ ಕೆಲಸದಿಂದ ತೆಗೆಯುವುದು ಕಾನೂನುಬಾಹಿರ. ಬಸುರಿಯನ್ನು ಕೆಲಸದಿಂದ ತೆಗೆದು ಸೌಲಭ್ಯ ತಪ್ಪಿಸಿದರೆ 60 ದಿನಗಳೊಳಗೆ ದೂರು ಕೊಡಬಹುದು.

ದೂರು ಎಲ್ಲಿಗೆ? ಗಡಿಯವರಿಗೆ ಇಲ್ಲೇ ಗೊಂದಲ. ಹೆರಿಗೆ ರಜೆ, ವಜಾ ಇತ್ಯಾದಿ ದೂರು ಕಾರ್ಖಾನೆ ಇರುವ ರಾಜ್ಯದ ಕಾರ್ಮಿಕ ಇಲಾಖೆಗೆ ಹೋಗಬೇಕು. ಮನೆ ಹೊಸೂರಿನಲ್ಲಿದ್ದು ಕೆಲಸ ಅತ್ತಿಬೆಲೆಯಲ್ಲಿದ್ದರೆ ಕರ್ನಾಟಕದ ಇಲಾಖೆ. ಮನೆ ಆನೇಕಲ್ಲಿನಲ್ಲಿದ್ದು ಕೆಲಸ ಸಿಪ್ಕಾಟ್‌ನಲ್ಲಿದ್ದರೆ ತಮಿಳುನಾಡಿನ ಇಲಾಖೆ. ಇಎಸ್‌ಐ ಮಾತ್ರ ಕೇಂದ್ರದ ಸಂಸ್ಥೆ, ಅದಕ್ಕೆ ಗಡಿಯಿಲ್ಲ. ಹೆರಿಗೆ ಸೌಲಭ್ಯಗಳನ್ನು ಕೆಲಸಕ್ಕೆ ಸೇರಿಸಿಕೊಳ್ಳುವಾಗಲೇ ಲಿಖಿತವಾಗಿ ತಿಳಿಸಬೇಕು ಎಂದು 2017ರ ತಿದ್ದುಪಡಿ ಹೇಳಿತ್ತು. ಆ ಕಾಗದ ಯಾವ ಭಾಷೆಯಲ್ಲಿರುತ್ತದೆ ಎಂಬುದೂ ಮುಖ್ಯ. ಬೋರ್ಡಿನ ಮೇಲಿನ 'ಮಗಪ್ಪೇರು ವಿಡುಪ್ಪು' ಎಂದರೆ ಹೆರಿಗೆ ರಜೆ ಎಂದು ಗಡಿಯ ಕನ್ನಡಿತಿಗೆ ಕೇಳಿದರೆ ಗೊತ್ತಾಗುತ್ತದೆ. ಆದರೆ ಕನ್ನಡ ಶಾಲೆಯಲ್ಲಿ ಓದಿದ ಎಲ್ಲರಿಗೂ ತಮಿಳು ಲಿಪಿ ಓದಲು ಬರುವುದಿಲ್ಲ. ಗಡಿ ದಾಟಿ ಕರ್ನಾಟಕದ ಕಾರ್ಖಾನೆಗೆ ಹೋಗುವ ತಮಿಳು, ತೆಲುಗು ಹೆಂಗಸರ ಕಷ್ಟವೂ ಇದೇ.

ತವರು ಅತ್ತ, ಕೆಲಸ ಇತ್ತ

ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು ಎಂಬುದು ಈ ಸೀಮೆಯ ವಾಡಿಕೆ. ಸೀಮಂತ ಮುಗಿಸಿ ತವರಿಗೆ ಹೋದ ಮಗಳು ಮೂರೋ ಐದೋ ತಿಂಗಳ ಬಾಣಂತನ ಮುಗಿಸಿಯೇ ಬರುವುದು. ತವರು ಮಾಲೂರು, ಆನೇಕಲ್ ಕಡೆಗಿದ್ದರೆ ಬಸುರಿನ ದಾಖಲೆಗಳು ತಮಿಳುನಾಡಿನ ಆರೋಗ್ಯ ಕೇಂದ್ರದಲ್ಲಿ, ಹೆರಿಗೆ ಕರ್ನಾಟಕದ ಆಸ್ಪತ್ರೆಯಲ್ಲಿ. ಮಗು ಹುಟ್ಟಿದ ಜಾಗದಲ್ಲೇ ಜನನ ನೋಂದಣಿಯಾಗಬೇಕು, ಅದೂ 21 ದಿನಗಳೊಳಗೆ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದ ಮಕ್ಕಳಿಗೆ ಶಾಲೆಗೆ ಸೇರುವುದರಿಂದ ಹಿಡಿದು ಅನೇಕ ಕೆಲಸಗಳಿಗೆ ಹುಟ್ಟಿದ ದಿನದ ಪುರಾವೆ ಜನನ ಪ್ರಮಾಣಪತ್ರವೇ. ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ಮುಂದೆ ಎರಡು ರಾಜ್ಯಗಳ ಕಚೇರಿ ಅಲೆಯಬೇಕಾದೀತು.

ಈ ಓಡಾಟ ಮಾಡುವವರು ಯಾರು? ಹಸಿ ಬಾಣಂತಿಯಂತೂ ಅಲ್ಲ. ಮಗುವಿನ ತಂದೆಯೇ ಮಾಡಬೇಕು. ಅವನಿಗೆ ರಜೆಯಿಲ್ಲ. ಸಿಸೇರಿಯನ್ ಆದ ದಿನ ಒಂದು, ಆಸ್ಪತ್ರೆಯಿಂದ ಮನೆಗೆ ಕರೆತರುವ ದಿನ ಒಂದು, ನೋಂದಣಿಗೆ ಒಂದು, ಲಸಿಕೆಗೆ ಒಂದು ಎಂದು ಸಂಬಳ ಕಡಿತದ ರಜೆ ಹಾಕುತ್ತಾನೆ. ಖರ್ಚು ಹೆಚ್ಚಾದ ತಿಂಗಳಲ್ಲೇ ಸಂಬಳ ಕಡಿಮೆ. ಅವನೇ ಇಎಸ್‌ಐ ಸದಸ್ಯನಾಗಿದ್ದು, ಇಎಸ್‌ಐ ಆಸ್ಪತ್ರೆಯ ಸೌಕರ್ಯವಿಲ್ಲದ ಕಡೆ ಹೆಂಡತಿಯ ಹೆರಿಗೆಯಾದರೆ 7,500 ರೂಪಾಯಿ ಹೆರಿಗೆ ಖರ್ಚು ಕೇಳಲು ಅವಕಾಶವಿದೆ. ಎರಡು ಹೆರಿಗೆಗಳವರೆಗೆ ಇದು ಸಿಗುತ್ತದೆ.

ಗಂಡಸಿಗೆ ಬಾಣಂತನದ ರಜೆ ಯಾಕೆ, ಅಜ್ಜಿ ಇಲ್ಲವೇ ಎಂದು ಕೇಳುವವರಿದ್ದಾರೆ. ಅಜ್ಜಿ ಇದ್ದಾಳೆ, ಆದರೆ ಅನೇಕ ಮನೆಗಳಲ್ಲಿ ಅಜ್ಜಿಯೂ ದುಡಿಯುತ್ತಿದ್ದಾಳೆ. ನಲವತ್ತೈದು ವರ್ಷದ ಅಜ್ಜಿ ಬೆಳಿಗ್ಗೆ ಗುಲಾಬಿ ಕೊಯ್ಲಿಗೆ ಹೋಗಬೇಕು. ಎರಡನೆಯ ಹೆರಿಗೆ ಹೆಚ್ಚಾಗಿ ಗಂಡನ ಮನೆಯಲ್ಲೇ. ಗಂಡನ ಮನೆ ಎಂದರೆ ಹೊಸೂರಿನ ಒಂದು ಕೋಣೆಯ ಬಾಡಿಗೆ ಮನೆ. ಅಲ್ಲಿ ಮೂರು ವರ್ಷದ ಮೊದಲ ಮಗುವನ್ನು ನೋಡುವವರು, ಬಾಣಂತಿಗೆ ಬಿಸಿನೀರು ಕಾಯಿಸಿ ಕೊಡುವವರು ಗಂಡನಲ್ಲದೆ ಬೇರೆ ಯಾರೂ ಇಲ್ಲ.

ತಂದೆಯ ರಜೆಗೆ ಎಷ್ಟು ಖರ್ಚು?

ತಂದೆಯ ರಜೆ ಶ್ರೀಮಂತ ದೇಶಗಳ ಶೋಕಿ ಎನ್ನುವಂತಿಲ್ಲ. ಸ್ವೀಡನ್ 1974ರಲ್ಲೇ ಇಬ್ಬರೂ ಹಂಚಿಕೊಳ್ಳಬಹುದಾದ ರಜೆ ತಂದಿತು ನಿಜ. ಆದರೆ ಫಿಲಿಪ್ಪೀನ್ಸ್ ಕೂಡ 1996ರಲ್ಲೇ ಕಾಯ್ದೆ ಮಾಡಿ ತಂದೆಗೆ ಸಂಬಳ ಸಹಿತ ಏಳು ದಿನ ಕೊಟ್ಟಿತು. ಸ್ವೀಡನ್, ನಾರ್ವೆಗಳ ಅನುಭವ ಇನ್ನೊಂದು ಪಾಠ ಹೇಳುತ್ತದೆ. ಇಬ್ಬರಲ್ಲಿ ಯಾರಾದರೂ ತೆಗೆದುಕೊಳ್ಳಿ ಎಂದಾಗ ತೆಗೆದುಕೊಂಡದ್ದು ಹೆಚ್ಚಾಗಿ ತಾಯಂದಿರೇ. ನಾರ್ವೆ 1993ರಲ್ಲಿ ನಾಲ್ಕು ವಾರಗಳನ್ನು ತಂದೆಗೆಂದೇ ಮೀಸಲಿಟ್ಟು, ತೆಗೆದುಕೊಳ್ಳದಿದ್ದರೆ ಕೈತಪ್ಪುತ್ತದೆ ಎಂದ ಮೇಲೆ ತಂದೆಯರೂ ರಜೆ ಹಾಕತೊಡಗಿದರು.

ಭಾರತದಲ್ಲೂ ಪ್ರಯತ್ನ ನಡೆದಿದೆ. ಮಹಾರಾಷ್ಟ್ರದ ಹಿಂಗೋಲಿಯ ಅಂದಿನ ಸಂಸದ ರಾಜೀವ್ ಸಾತವ್ 2017ರಲ್ಲಿ ಪಿತೃತ್ವ ಸೌಲಭ್ಯ ಮಸೂದೆಯನ್ನು ಖಾಸಗಿ ಸದಸ್ಯರ ಮಸೂದೆಯಾಗಿ ಲೋಕಸಭೆಯಲ್ಲಿ ಮಂಡಿಸಿದರು. 15 ದಿನ, ಬೇಕಾದರೆ ಮೂರು ತಿಂಗಳವರೆಗೆ ರಜೆ ಎಂಬುದು ಅದರ ಸಾರ. ಅದು ಕಾಯ್ದೆಯಾಗಲಿಲ್ಲ. 2019ರಲ್ಲಿ ಝೊಮ್ಯಾಟೊ ಕಂಪನಿ ತನ್ನ ನೌಕರರಲ್ಲಿ ತಂದೆಯರಿಗೂ 26 ವಾರ ಕೊಡುವುದಾಗಿ ಪ್ರಕಟಿಸಿತು. ದೊಡ್ಡ ಕಂಪನಿಗಳು ಹೀಗೆ ಸ್ವಂತ ಇಚ್ಛೆಯಿಂದ ಕೊಡುವುದು ಸ್ವಾಗತಾರ್ಹ. ಆದರೆ ಶೆಡ್ಡಿನ ಕಾರ್ಮಿಕನಿಗೆ ಅದು ಪೇಪರಿನಲ್ಲಿ ಓದುವ ಸುದ್ದಿ ಮಾತ್ರ.

ಅವನಿಗೂ ಸಿಗಬೇಕಾದರೆ ಇಎಸ್‌ಐ ದಾರಿಯೇ ಹತ್ತಿರ. ತಿಂಗಳಿಗೆ 18,000 ರೂಪಾಯಿ ಸಂಬಳದವನಿಗೆ 15 ದಿನಗಳ ರಜೆಯೆಂದರೆ 9,000 ರೂಪಾಯಿ. ಅವನ ಹೆಸರಿನಲ್ಲಿ ಕಾರ್ಮಿಕ ಮತ್ತು ಮಾಲೀಕರ ಕಂತು ಸೇರಿ ತಿಂಗಳಿಗೆ 720, ವರ್ಷಕ್ಕೆ 8,640 ರೂಪಾಯಿ ನಿಧಿಗೆ ಹೋಗುತ್ತದೆ. ಆಸ್ಪತ್ರೆ, ಔಷಧಿಯ ಖರ್ಚೂ ಇದರಲ್ಲೇ ನಡೆಯಬೇಕು ಎಂಬುದು ಸರಿ. ಆದರೂ ಮೂವತ್ತು ವರ್ಷ ಕಂತು ಕಟ್ಟುವವನು ಎರಡು ಮಕ್ಕಳಿಗೆ ಎರಡು ಸಲ ಕೇಳುವ ಮೊತ್ತ ನಿಧಿಯನ್ನು ಮುಳುಗಿಸುವಂಥದಲ್ಲ. ದುರುಪಯೋಗದ ಭಯವಿದ್ದರೆ ಜನನ ಪ್ರಮಾಣಪತ್ರವೇ ಸಾಕ್ಷಿ. ಕೇಂದ್ರ ನೌಕರರಿಗೆ ಇರುವಂತೆ ಆರು ತಿಂಗಳೊಳಗೆ ರಜೆ ಮುಗಿಸಬೇಕೆಂದು ನಿಯಮ ಮಾಡಬಹುದು.

ರಜೆ ಮುಗಿದ ಮೇಲೆ

ತಾಯಿಗೆ ಕೊಟ್ಟ 26 ವಾರವೂ ಅಂದುಕೊಂಡಷ್ಟು ಉದ್ದವಲ್ಲ. ಆರು ತಿಂಗಳು ಎದೆಹಾಲು ಮಾತ್ರ ಕೊಡಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಹೆರಿಗೆಗೆ ಮೊದಲೇ ಎಂಟು ವಾರ ರಜೆ ಹಾಕಿದವಳಿಗೆ ನಂತರ ಉಳಿಯುವುದು 18 ವಾರ, ಅಂದರೆ ನಾಲ್ಕು ತಿಂಗಳಿಗೆ ಸ್ವಲ್ಪ ಹೆಚ್ಚು. ಆಮೇಲೆ ಮಗು ಎಲ್ಲಿ? 50 ಅಥವಾ ಹೆಚ್ಚು ಜನರಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ದಿನಕ್ಕೆ ನಾಲ್ಕು ಸಲ ತಾಯಿ ಹೋಗಿ ಬರಬಹುದು ಎನ್ನುತ್ತದೆ ಕಾನೂನು. ನಸುಕಿನ ಬಸ್ಸಿನಲ್ಲಿ ಇಪ್ಪತ್ತು ಮೂವತ್ತು ಕಿಲೋಮೀಟರ್ ಹಸುಗೂಸನ್ನು ಹೊತ್ತು ಬರುವುದು ಆಗದ ಮಾತು. ಕಂಪನಿಗಳು ಒಟ್ಟುಗೂಡಿ ಒಂದೇ ಕೇಂದ್ರ ನಡೆಸಲು ಹೊಸ ಸಂಹಿತೆಯಲ್ಲಿ ಅವಕಾಶವಿದೆ. ಅದನ್ನು ಬಸ್ ಹತ್ತುವ ಊರುಗಳಲ್ಲೇ ಮಾಡಿದರೆ ಮಗು ಅಜ್ಜಿಯ ಕಣ್ಣಳತೆಯಲ್ಲೇ ಇರುತ್ತದೆ. ಕರ್ನಾಟಕ 2023ರಲ್ಲಿ ಗ್ರಾಮ ಪಂಚಾಯಿತಿಗಳಲ್ಲಿ ಆರಂಭಿಸಿದ 'ಕೂಸಿನ ಮನೆ' ಇದೇ ಬಗೆಯ ಆಲೋಚನೆ. ಗಡಿಯ ಈಚೆಗೂ ಅಂಥದೊಂದು ಬೇಕು.

ತೋಟದ ಕೂಲಿ ಹೆಂಗಸರಿಗೆ ಇವು ಯಾವುವೂ ಇಲ್ಲ. ಹಸಿರುಮನೆಗಳಲ್ಲಿ ಗುಲಾಬಿ ಕೊಯ್ಯುವವರಿಗೆ ಇರುವುದು ಸರ್ಕಾರದ ನೆರವು ಮಾತ್ರ. ಹೆರಿಗೆ ನೆರವು 6,000 ರೂಪಾಯಿಗೆ ಕಡಿಮೆ ಇರಬಾರದು ಎಂದು 2013ರ ಆಹಾರ ಭದ್ರತಾ ಕಾಯ್ದೆ ಹೇಳಿತು. ಕೇಂದ್ರದ ಮಾತೃ ವಂದನಾ ಯೋಜನೆ ಮೊದಲ ಮಗುವಿಗೆ ನಿಗದಿ ಮಾಡಿದ್ದು 5,000. ತಮಿಳುನಾಡಿನ ಡಾ. ಮುತ್ತುಲಕ್ಷ್ಮಿ ರೆಡ್ಡಿ ಯೋಜನೆಯಲ್ಲಿ ಇದೂ ಸೇರಿ ಒಟ್ಟು 18,000 ರೂಪಾಯಿ ಮೌಲ್ಯದ ನೆರವು, ಅದರಲ್ಲಿ 4,000 ಪೌಷ್ಟಿಕ ಆಹಾರದ ಕಿಟ್ ರೂಪದಲ್ಲಿ. ಬಡ ಕುಟುಂಬಗಳಿಗೆ ಇದು ದೊಡ್ಡ ಆಸರೆ. ಆದರೂ ಆರು ತಿಂಗಳ ಕೂಲಿಗೆ ಇದು ಸಮವಲ್ಲ.

ಹಾಗಾದರೆ ಏನಾಗಬೇಕು? ಮೊದಲು, ಇರುವ ಕಾನೂನು ಗುತ್ತಿಗೆಯವರಿಗೂ ಮುಟ್ಟಬೇಕು. ಒಬ್ಬರಿಗೆ ಒಂದೇ ಇಎಸ್‌ಐ ಸಂಖ್ಯೆ ಎಂಬುದನ್ನು ಕಾರ್ಖಾನೆಗಳೇ ಖಾತ್ರಿಪಡಿಸಬೇಕು. ಎರಡನೆಯದು, ಇಎಸ್‌ಐ ಮಿತಿ ಮೀರಿದವರ ರಜೆ ಸಂಬಳಕ್ಕೂ ಸಾಮೂಹಿಕ ನಿಧಿಯ ಆಸರೆ ಬೇಕು. ಮೂರನೆಯದು, ತಂದೆಗೆ ಕನಿಷ್ಠ 15 ದಿನ, ಅವನ ಹೆಸರಿಗೇ ಮೀಸಲಾದ ಸಂಬಳ ಸಹಿತ ರಜೆ. ಇವು ಮೂರೂ ಒಟ್ಟಿಗೆ ಬರಬೇಕು. ತಾಯಿಯ ರಜೆಯನ್ನಷ್ಟೇ ಹಿಗ್ಗಿಸುತ್ತ ಹೋದರೆ ರಜೆ ಬೆಳೆದಷ್ಟೂ ಹೆಣ್ಣುಮಕ್ಕಳ ಕೆಲಸಕ್ಕೆ ಕುತ್ತು ಬರುತ್ತದೆ. ಮಗು ಇಬ್ಬರದು ಎಂದು ಕಾರ್ಖಾನೆಯ ಹಾಜರಿ ಪುಸ್ತಕವೂ ಒಪ್ಪಿದ ದಿನ, 'ಮದುವೆ ಯಾವಾಗ' ಎಂಬ ಪ್ರಶ್ನೆಯನ್ನು ಸಿಪ್ಕಾಟ್ ಗೇಟಿನಲ್ಲಿ ಹುಡುಗಿಗೆ ಮಾತ್ರ ಕೇಳುವ ಕಾರಣ ಉಳಿಯುವುದಿಲ್ಲ.